ಮೊದಲ ಸ್ಥಾನ ಬಿಡದ ಎಕೋ ಪೆಡಲ್ ಸಾಹೇಬರಿಗೆ

ಮಾನ್ಯ ಎಕೋ ಪೆಡಲ್ ಸಾಹೇಬರೇ,

ಗದಗ-ಬೆಟಗೇರಿಯ ನಮ್ಮ ಸಣ್ಣ ಆರ್ಕೆಸ್ಟ್ರಾದ ಎಲ್ಲ ಸದಸ್ಯರ ಪರವಾಗಿ ತಮ್ಮ ಕೆಂಪು ದೀಪಕ್ಕೂ, ನೆತ್ತಿಯ ಮೇಲಿನ ಗುಂಡಿಗಳಿಗೂ, ಅಡಿಯಲ್ಲಿರುವ ರಬ್ಬರ್ ಪಾದಗಳಿಗೂ ಪ್ರತ್ಯೇಕವಾಗಿ ನಮಸ್ಕಾರಗಳು. ಕೇಳಿಸಿಕೊಂಡದ್ದನ್ನು ತಾವೇ ಮತ್ತೆ ಮತ್ತೆ ಹೇಳಿಕೊಳ್ಳುವ ಸಂಪ್ರದಾಯ ತಮ್ಮಲ್ಲಿರುವುದರಿಂದ ಈ ನಮಸ್ಕಾರವನ್ನು ನಾನು ಒಂದೇ ಸಲ ಬರೆದಿದ್ದೇನೆ. ಇದನ್ನು ಅಗೌರವವೆಂದು ಭಾವಿಸಬಾರದು.

ಕಳೆದ ಗುರುವಾರ ಸಂಜೆ ಶಿರಹಟ್ಟಿಯ ಮದುವೆ ಆರತಕ್ಷತೆಯಲ್ಲಿ ನಮ್ಮ ಗಾಯಕಿ ಶಿವರಂಜನಿ ಹಾಡಿದ ಹಾಡಿನ ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ. ಇದನ್ನು ಮೊದಲು ವರದಿ ಮಾಡಿದವರು ಮುಂದಿನ ಸಾಲಿನ ಕುರ್ಚಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಹನಮಂತವ್ವನವರು. "ಹುಡುಗಿ ಬಾಯಿ ತಗದದ್ದು ಕಾಣಸ್ತು, ಹಾಡು ಎಲ್ಲೂ ಕಾಣಸ್ಲಿಲ್ಲ ನೋಡವ್ವಾ" ಎಂದು ಅವರು ಪಕ್ಕದವರಿಗೆ ಹೇಳಿದ್ದು ಮಾತ್ರ, ಹಾಡಿಗಿಂತ ಸ್ಪಷ್ಟವಾಗಿ, ವೇದಿಕೆಯ ಮೇಲಿದ್ದ ನಮ್ಮೆಲ್ಲರಿಗೂ ಕೇಳಿಸಿತು. ನಮ್ಮ ಸೌಂಡ್ ನೋಡಿಕೊಳ್ಳುವ, ಮಿಕ್ಸರ್ ಮುಂದೆ ಕುಳಿತಿದ್ದ ಕೈನಾತ ಈ ವರದಿಯನ್ನು ದೃಢಪಡಿಸಿದ್ದಾಳೆ.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮನ್ನು ಕಂಡಿರದ ಓದುಗರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಗಿಟಾರಿನಿಂದ ಹೊರಟ ಸದ್ದು ವಾಯರಿನಲ್ಲಿ ಹರಿದು ಸ್ಪೀಕರ್ ಮುಟ್ಟುವ ಮೊದಲು, ನಮ್ಮ ಗಿಟಾರ್ ವಾದಕ ವೀರುವಿನ ಕಾಲ ಬಳಿ ಇರುವ ಒಂದು ಹಲಗೆಯ ಮೇಲಿನ ನಾಲ್ಕು ಪೆಟ್ಟಿಗೆಗಳನ್ನು ಒಂದಾದ ಮೇಲೊಂದರಂತೆ ಹಾದು ಹೋಗುತ್ತದೆ. ಇವುಗಳಿಗೆ ಪೆಡಲ್ ಎನ್ನುತ್ತಾರೆ. ಕಾಲಿನಿಂದ ಒತ್ತಿದರೆ ಕೆಲಸ ಮಾಡುತ್ತವೆ. ತಾವು ಸದ್ದನ್ನು ಪ್ರತಿಧ್ವನಿಯಾಗಿ ಮರಳಿಸುತ್ತೀರಿ. ರಿವರ್ಬ್ ಎಂಬುದು ಸಣ್ಣ ಕೋಣೆಯ ಸದ್ದಿಗೆ ದೊಡ್ಡ ಗುಡಿಯೊಳಗಿನ ಗುಂಯ್‌ಗುಡುವಿಕೆಯನ್ನು ಕೊಡುತ್ತದೆ. ಡಿಸ್ಟಾರ್ಷನ್ ಎಂಬುದು ಸದ್ದನ್ನು ಒರಟಾಗಿಸಿ ಗರ್ಜಿಸುವಂತೆ ಮಾಡುತ್ತದೆ. ಟ್ಯೂನರ್ ಎಂಬುದು ತಂತಿ ಶ್ರುತಿಯಲ್ಲಿದೆಯೋ ಇಲ್ಲವೋ ಎಂದು ಮುಳ್ಳು ತೋರಿಸಿ ಹೇಳುತ್ತದೆ. ಮುಂದಿನ ಪೆಟ್ಟಿಗೆ ಹಿಂದಿನದು ಕೊಟ್ಟದ್ದರ ಮೇಲೆಯೇ ಕೆಲಸ ಮಾಡಬೇಕಾದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲೇ ಎಲ್ಲವೂ ಇದೆ. ಬೆಟಗೇರಿಯ ಯಾವ ಬಜಿ ಅಂಗಡಿಯವನೂ ಮೆಣಸಿನಕಾಯಿಯನ್ನು ಮೊದಲು ಎಣ್ಣೆಯಲ್ಲಿ ಕರಿದು, ಆಮೇಲೆ ಹಸಿ ಹಿಟ್ಟಿನಲ್ಲಿ ಅದ್ದಿ, ಹಾಗೆಯೇ ತಟ್ಟೆಗೆ ಹಾಕಿ ಕೊಡುವುದಿಲ್ಲ. ನಾವು ಈ ಋತುವಿನಲ್ಲಿ ಒಂದನ್ನು ಬಿಟ್ಟು ಉಳಿದ ಎಲ್ಲ ಕಾರ್ಯಕ್ರಮಗಳಲ್ಲೂ ಅದನ್ನೇ ಕೊಟ್ಟಿದ್ದೇವೆ.

ತಾವು ಮೊದಲ ಸ್ಥಾನಕ್ಕೆ ಬಂದ ಬಗೆಯನ್ನು ನೆನಪಿಸಿಕೊಂಡರೆ ಈಗಲೂ ನನಗೆ ರೋಮಾಂಚನವಾಗುತ್ತದೆ. ನಮ್ಮ ಕಡೆ ಗುಡಿಗೆ ಫ್ಯಾನು ಕೊಟ್ಟವರು ಅದರ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ, ಮಠಕ್ಕೆ ಕೊಪ್ಪರಿಗೆ ಕೊಟ್ಟವರು ಅದರ ಅಂಚಿಗೆ ಹೆಸರು ಕೊರೆಸುತ್ತಾರೆ. ಅದೇ ರೀತಿ ವೀರು ಗಿಟಾರ್ ಹಿಡಿದಾಗ ಹಿರಿಯರು ಒಬ್ಬೊಬ್ಬರೂ ಒಂದೊಂದು ಪೆಡಲ್ ಕಾಣಿಕೆಯಾಗಿ ಕೊಟ್ಟು, ಬಿಳಿ ಬಣ್ಣದಲ್ಲಿ ಹೆಸರು ಬರೆಸಿದರು. ತಮ್ಮನ್ನು ಕೊಟ್ಟವರು ವೀರುವಿನ ದೊಡ್ಡಪ್ಪ, ಗದಗಿನ ದಲಾಲಿ ವ್ಯಾಪಾರಿ ಅಂದಪ್ಪನವರು. ಐಸ್‌ಕ್ರೀಮಿನ ವರದಿಗಾರ್ತಿ ಹನಮಂತವ್ವನವರು ಇವರ ಧರ್ಮಪತ್ನಿ. ರಿವರ್ಬ್ ಕೊಟ್ಟವರು ವೀರುವಿನ ಸೋದರತ್ತೆ ಸುಮಿತ್ರವ್ವ. ಡಿಸ್ಟಾರ್ಷನ್ ಕೊಟ್ಟವರು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಲಕ್ಷ್ಮೇಶ್ವರದ ದಾದಾಪೀರ, ಅಂದರೆ ಕೈನಾತಳ ತಂದೆ. ಟ್ಯೂನರನ್ನು ವೀರು ತಾನೇ ಕೊಂಡ. ಇನ್ನು ಹಲಗೆಯ ಮೇಲೆ ಅಂಟಿಸುವ ದಿನ ಯಾರನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಬಂದಾಗ, ಸದ್ದನ್ನು ಕೇಳುವ ಬದಲು ನಾವು ಲಗ್ನಪತ್ರಿಕೆಯನ್ನು ಕೇಳಿದೆವು. ಹಿರಿಯರ ಹೆಸರು ಮೊದಲು, ಮನೆಯ ಹೆಣ್ಣುಮಗಳ ಹೆಸರು ಆಮೇಲೆ, ಹಿತೈಷಿಗಳದು ಅದರ ಕೆಳಗೆ, ಹುಡುಗರದು ತಳದಲ್ಲಿ. ಹೀಗೆ ತಾವು ಮೊದಲು, ರಿವರ್ಬ್ ಎರಡನೆಯದು, ಡಿಸ್ಟಾರ್ಷನ್ ಮೂರನೆಯದು, ಟ್ಯೂನರ್ ಕೊನೆಯದು ಎಂದು ನಿರ್ಧಾರವಾಯಿತು. ಹಿರಿಯರ ಹೆಸರನ್ನು ಚಪ್ಪಲಿಯಿಂದ ತುಳಿಯುವುದು ಹೇಗೆಂದು ವೀರು ಅಂದಿನಿಂದ ಬರಿಗಾಲಲ್ಲೇ ನುಡಿಸುತ್ತಾನೆ, ತಮ್ಮನ್ನು ಒತ್ತುವ ಮುನ್ನ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಈ ಅವಧಿಯಲ್ಲಿ ಹಾಡು ಅರ್ಧ ಸಾಲು ಮುಂದೆ ಹೋಗಿರುತ್ತದೆ.

ಪರಿಣಾಮವನ್ನು ತಾವು ಬಲ್ಲಿರಿ. ತಾವು ಒಂದು ಸ್ವರವನ್ನು ಐದಾರು ಮಾಡುತ್ತೀರಿ, ಸುಮಿತ್ರವ್ವನವರ ಪೆಟ್ಟಿಗೆ ಆ ಐದಾರಕ್ಕೂ ಗುಡಿ ಕಟ್ಟಿಸುತ್ತದೆ, ಆಮೇಲೆ ದಾದಾಪೀರನ ಪೆಟ್ಟಿಗೆ ಗುಡಿಯ ಸಮೇತ ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿ ಗರ್ಜಿಸುತ್ತದೆ. ಹೊರಬರುವ ಸದ್ದು ಶಿರಹಟ್ಟಿ ಬಳಿಯ ಮಾಗಡಿ ಕೆರೆಯ ವಲಸೆ ಹಕ್ಕಿಗಳೆಲ್ಲ ಒಮ್ಮೆಲೇ ರೆಕ್ಕೆ ಬಡಿದು ಎದ್ದಂತಿರುತ್ತದೆ. ಕೊನೆಯಲ್ಲಿ ಕುಳಿತ ಬಡಪಾಯಿ ಟ್ಯೂನರಿನ ಮುಳ್ಳು ಯಾರ ಮಾತು ನಂಬಬೇಕೆಂದು ತಿಳಿಯದೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಇದೆಲ್ಲದರ ನಡುವೆ, ತಾನೇ ಬರೆದ ನಿಧಾನದ ಹಾಡೊಂದನ್ನು ಜನರ ಮುಂದೆ ಹಾಡಬೇಕೆಂದು ಶಿವರಂಜನಿ ನಿಂತಿರುತ್ತಾಳೆ.

ತಮ್ಮನ್ನು ಅಲ್ಲಿಂದ ಎಬ್ಬಿಸಲು ನಾವು ಪ್ರಯತ್ನಿಸಲೇ ಇಲ್ಲವೆಂದು ತಾವು ಹೇಳುವಂತಿಲ್ಲ. ಅಂದಪ್ಪನವರ ಮೆಣಸಿನಕಾಯಿ ಗೋದಾಮಿನಲ್ಲಿ ನಡೆಯುವ ನಮ್ಮ ತಾಲೀಮಿನಲ್ಲಿ ಕೈನಾತ ಒಂದು ದಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, "ಏ ವೀರಣ್ಣ, ನಿಮ್ಮ ದೊಡ್ಡಪ್ಪನ್ನ ಹಿಂದಕ ಕುಂದರ್ಸು, ನಮ್ಮಪ್ಪನ್ನ ಮುಂದಕ ತಗೊಂಬಾ. ಇಲ್ಲಾಂದ್ರ ನಾ ನಿನ್ನ ವಾಯರ್ ಕಿತ್ತು ಜೋಳಿಗ್ಯಾಗ ಹಾಕ್ಕೊಂಡು ಹೊಕ್ಕೀನಿ" ಎಂದಳು. ಅದರಂತೆ ತಮ್ಮನ್ನು ಹಿಂದೆ ಸರಿಸಿದೆವು. ಸದ್ದು ತಿಳಿಯಾಯಿತು. ಅಷ್ಟರಲ್ಲಿ ಚೀಲಗಳ ಲೆಕ್ಕಕ್ಕೆಂದು ಒಳಬಂದ ಅಂದಪ್ಪನವರು ಸದ್ದನ್ನು ಕೇಳದೆ ಹಲಗೆಯನ್ನು ಓದಿದರು.

"ಏನೋ ವೀರು, ನನ್ನ ಹೆಸರು ಯಾಕ ಹಿಂದ ಹೋತು? ಲಗ್ನಪತ್ರಕಿಯೊಳಗ ದೊಡ್ಡಪ್ಪನ್ನ ಪೆಂಡಾಲದಾಂವನ ಕೆಳಗ ಹಾಕ್ತಾರೇನೋ? ನಾ ಏನು ಪರಊರಾಂವನ?"

ತಾವು ಮರಳಿ ಮೊದಲ ಸ್ಥಾನಕ್ಕೆ ಬಂದಿರಿ.

ಆಮೇಲೆ ಲಕ್ಷ್ಮೇಶ್ವರದ ಕಾರ್ಯಕ್ರಮಕ್ಕೆ ನಾವು ಮಾಡಿದ ಉಪಾಯ ತಮ್ಮ ಘನತೆಗೆ ತಕ್ಕುದಾಗಿರಲಿಲ್ಲ, ಒಪ್ಪುತ್ತೇನೆ. ಪೆಟ್ಟಿಗೆಗಳನ್ನು ಸರಿಯಾದ ಕ್ರಮದಲ್ಲಿಟ್ಟು, ಹೆಸರುಗಳ ಮೇಲೆ ಕಾಗದ ಅಂಟಿಸಿ, ಮುಂದೆ ಬಂದ ಡಿಸ್ಟಾರ್ಷನ್ ಮೇಲೆ ಅಂದಪ್ಪನವರ ಹೆಸರನ್ನೂ ತಮ್ಮ ಮೇಲೆ ದಾದಾಪೀರನ ಹೆಸರನ್ನೂ ಬರೆದೆವು. ಅಂದಪ್ಪನವರು ಬೀಗರ ಜೊತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಮ್ಮ ದುರದೃಷ್ಟಕ್ಕೆ ಅವರಿಗೆ ಅಂದು ಅಭಿಮಾನ ಉಕ್ಕಿತು. "ವೀರು, ನಮ್ಮ ಪೆಡಲ್ ಒತ್ತೋ, ಬೀಗರು ಎಕೋ ಕೇಳಲಿ!" ಎಂದು ಕೂಗಿದರು. ಹಿರಿಯರ ಮಾತು ಮೀರದ ವೀರು ಅವರ ಹೆಸರಿದ್ದ ಪೆಟ್ಟಿಗೆಯನ್ನೇ ಒತ್ತಿದ. ಏರು ಹತ್ತುವ ಟ್ರ್ಯಾಕ್ಟರಿನ ಸದ್ದು ಬಂತು. ಅಂದಪ್ಪನವರು ಬೀಗರತ್ತ ನೋಡಲಿಲ್ಲ. ವೇದಿಕೆಯ ಬದಿಯಲ್ಲಿ ನಿಂತಿದ್ದ ದಾದಾಪೀರ ಮಾತ್ರ ಹತ್ತಿರ ಬಂದು, "ದನಿ ನಂದು, ಹೆಸರು ಅಂದಪ್ಪಣ್ಣಂದು! ನನ್ನ ಮಗನ್ನ ನನ್ನ ಮುಂದನ ದತ್ತಕ ಕೊಟ್ರೇನೋ?" ಎಂದ. ಒಬ್ಬರ ಬದಲು ಇಬ್ಬರು ಮುನಿಸಿಕೊಂಡರು. ಶಿರಹಟ್ಟಿಗೆ ಹೋಗುವಾಗ ತಾವು ಕಾಗದ ಕಿತ್ತೆಸೆದು ಮತ್ತೆ ಮುಂದೆ ವಿರಾಜಮಾನರಾಗಿದ್ದಿರಿ. ಅಲ್ಲಿ ಆದದ್ದನ್ನು ಮೇಲೆ ವರದಿ ಮಾಡಿದ್ದೇನೆ.

ನಮ್ಮ ಮುಂದಿನ ಕಾರ್ಯಕ್ರಮ ಇರುವುದು ಮುಂಡರಗಿಯಲ್ಲಿ. ಶಿರಹಟ್ಟಿಯ ಮರುದಿನ ಬೆಳಿಗ್ಗೆ ಶಿವರಂಜನಿ ಗೋದಾಮಿಗೆ ಬಂದಳು. ಕುಳಿತುಕೊಳ್ಳಲಿಲ್ಲ. "ಮುಂಡರಗ್ಯಾಗ ನನ್ನ ಮೊದಲನೇ ಸಾಲು ಜನಕ್ಕ ಕೇಳಬೇಕು. ಕೇಳ್ಲಿಲ್ಲಂದ್ರ ನಾ ಹುಬ್ಬಳ್ಳಿ ಟೀಮಿಗೆ ಹೊಕ್ಕೀನಿ, ಅವರು ಕರದು ಬಾಳ ದಿನ ಆತು. ಆಮ್ಯಾಲೆ ನೀವು ದೊಡ್ಡಪ್ಪನ ಕಡಿಂದನ ಹಾಡಸ್ಕೋರಿ" ಎಂದಳು. ಅವಳು ಹೋದರೆ ನಮ್ಮಲ್ಲಿ ಉಳಿಯುವುದು ಒಂದು ಗಿಟಾರ್, ಒಂದು ಕೀಬೋರ್ಡ್, ಒಂದು ಢೋಲಕ್. ಇದನ್ನು ಆರ್ಕೆಸ್ಟ್ರಾ ಎಂದು ಕರೆಯಲು ಬರುವುದಿಲ್ಲ. ಬ್ಯಾಂಡ್ ಸೆಟ್ಟಿನವರು ಊಟಕ್ಕೆ ಕುಳಿತಾಗ ಕರೆಯಬಹುದಾದ ಸದ್ದು ಎನ್ನಬಹುದು.

ಆದಕಾರಣ ಸಾಹೇಬರೇ, ತಮ್ಮ ಉದಾರ ಮನಸ್ಸಿನಲ್ಲಿ ನಂಬಿಕೆಯಿಟ್ಟು ಕೆಲವು ವಿನಂತಿಗಳನ್ನು ಮುಂದಿಡುತ್ತಿದ್ದೇನೆ. ಒಮ್ಮೆ ನುಡಿದ ಮಾತನ್ನು ಕೈಬಿಡದೆ, ಕೇಳುವವರು ಬೇಸತ್ತರೂ ಲೆಕ್ಕಿಸದೆ, ದನಿ ಸೋಲುವವರೆಗೂ ಅದನ್ನೇ ನುಡಿಯುವ ತಮ್ಮಂಥ ಸ್ಥಿರಮತಿಗಳು ಸಾರ್ವಜನಿಕ ಜೀವನದಲ್ಲೂ ಹೆಚ್ಚಿಲ್ಲ. ಆ ಗುಣವನ್ನು ದಯಮಾಡಿ ಅಂದಪ್ಪನವರ ಕಿವಿಯಲ್ಲಿ ಪ್ರಯೋಗಿಸಿ, "ನನ್ನನ್ನು ಹಿಂದೆ ಸರಿಸು" ಎಂದು ತಾವೇ ಅವರಿಗೆ ಹೇಳಿ, ಒಂದು ಸಲ ಹೇಳಿದರೆ ಉಳಿದದ್ದು ತಾನಾಗಿಯೇ ನಡೆಯುತ್ತದೆ. ಅದು ಸಂಕೋಚವೆನಿಸಿದರೆ ಮುಂಡರಗಿ ಕಾರ್ಯಕ್ರಮ ಮುಗಿಯುವವರೆಗೆ ವೈದ್ಯಕೀಯ ರಜೆ ಪಡೆಯಬಹುದು, ತಮ್ಮ ಬ್ಯಾಟರಿಗೆ ಬರುವ ಸುಸ್ತನ್ನು ಯಾರೂ ಅನುಮಾನಿಸುವುದಿಲ್ಲ. ಅದೂ ಆಗದಿದ್ದರೆ ಬಾಳೆಹೊಸೂರಿನ ಮಠಕ್ಕೆ ಹೋಗಿ ಕೆಲವು ದಿನ ಮೌನವ್ರತ ಹಿಡಿದು ಬನ್ನಿ. ತಮ್ಮ ಪ್ರಯಾಣಕ್ಕೆ ಮೆತ್ತನೆಯ ಟವೆಲ್ಲನ್ನು ನಾನೇ ಸುತ್ತಿ ಕೊಡುತ್ತೇನೆ.

ಪತ್ರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಇಂದು ಮಧ್ಯಾಹ್ನ ಗೋದಾಮಿನಲ್ಲಿ ನಡೆದದ್ದನ್ನು ಸೇರಿಸದಿದ್ದರೆ ವರದಿ ಅಪೂರ್ಣವಾಗುತ್ತದೆ.

ಹನಮಂತವ್ವ ಯಜಮಾನರಿಗೆ ಬುತ್ತಿ ತಂದಿದ್ದರು. ಸುಮಿತ್ರವ್ವನೂ ಜೊತೆಗಿದ್ದರು. ರೊಟ್ಟಿ ಮುರಿಯುತ್ತಿದ್ದ ಅಂದಪ್ಪನವರನ್ನು ಹನಮಂತವ್ವ ಕೇಳಿದರು: "ಅಲ್ರೀ, ಮೊನ್ನೆ ಅಸುಂಡಿ ಶಾಲಿ ಕಾರ್ಯಕ್ರಮಕ್ಕ ನಿಮ್ಮನ್ನ ಅಧ್ಯಕ್ಷರು ಅಂತ ಕರದಿದ್ರಲ್ಲ, ನೀವು ಯಾವಾಗ ಮಾತಾಡಿದ್ರಿ?"

"ಯಾವಾಗ ಅಂದ್ರ? ಎಲ್ಲಾರದೂ ಮುಗದ ಮ್ಯಾಲ. ಅಧ್ಯಕ್ಷರು ಕಡೀಕ ಮಾತಾಡೋದು."

"ಮತ್ತ ಮೊದ್ಲ ಎದ್ದು ಮಾತಾಡಿದಾಂವ ಯಾರು?"

"ಸ್ವಾಗತ ಮಾಡೋ ಮಾಸ್ತರ."

"ಹಂಗಾರ ಈ ಹಲಗಿ ಮ್ಯಾಲ ನೀವು ಮಾಸ್ತರನ ಜಾಗಾದಾಗ ಯಾಕ ಕುಂತೀರಿ?"

ಅಂದಪ್ಪನವರು ರೊಟ್ಟಿಯ ತುಣುಕನ್ನು ಪಲ್ಯದಲ್ಲಿ ಅದ್ದಿದವರು ಅದ್ದಿದಂತೆಯೇ ಹಲಗೆಯನ್ನು ನೋಡಿದರು. ಆಮೇಲೆ, "ಏ ವೀರು, ನನ್ನ ಹಿಂದಕ ತಗಿ. ಜಲ್ದಿ ತಗಿ, ಯಾರರೆ ನೋಡ್ಯಾರು" ಎಂದರು. ಹೀಗೆ ಟ್ಯೂನರ್ ಪ್ರಾರ್ಥನೆಗೆಂದು ಮುಂದೆ ಬಂತು. ದಾದಾಪೀರನಿಗೆ ಫೋನ್ ಮಾಡಿ ಸ್ವಾಗತ ಭಾಷಣ ನಿಮ್ಮದೆಂದಾಗ ಅವನು, "ನಾ ಜೋರಾಗೆ ಮಾತಾಡಾಂವ ಬಿಡ್ರಿ, ಮೊದ್ಲ ಹಾಕ್ರಿ" ಎಂದ. ಅಧ್ಯಕ್ಷೀಯ ಭಾಷಣ ತಮ್ಮದಾಯಿತು. ತಮ್ಮ ನಂತರ ವಂದನಾರ್ಪಣೆಗೆ ರಿವರ್ಬ್.

ಸುಮಿತ್ರವ್ವ ಒಪ್ಪಲಿಲ್ಲ. "ವಂದನಾರ್ಪಣಿ ಯಾರು ಕೇಳ್ತಾರೋ? ಅಷ್ಟೊತ್ತಿಗೆ ಜನ ಎದ್ದು ಹೋಗಿರ್ತಾರ. ಬರೇ ಖಾಲಿ ಕುರ್ಚಿ."

"ಅದಕ್ಕ ಅತ್ತಿ," ಎಂದ ವೀರು, "ಎಲ್ಲಾರೂ ಹೋದ ಮ್ಯಾಲೂ ಹಾಲ್‌ನ್ಯಾಗ ಉಳಿಯೋ ದನಿ ಅಂದ್ರ ನಿಂದ ಒಂದ."

ಸುಮಿತ್ರವ್ವ ವೀರುವಿನತ್ತ ತಿರುಗಿದರು. "ಇಷ್ಟು ಛಂದ ಮಾತು ಬರ್ತಾವ ನಿನಗ? ಮತ್ತ ಕನ್ಯಾ ನೋಡಾಕ ಹೋದಾಗ ಯಾಕ ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ದಿ?" ಎಂದು ಕೇಳಿ, ಕೊನೆಯ ಸ್ಥಾನಕ್ಕೆ ಒಪ್ಪಿಗೆ ಕೊಟ್ಟರು.

ಶಿವರಂಜನಿಯನ್ನು ಕರೆಸಲಾಯಿತು. ಅವಳು ಮೊದಲು ಮೆಣಸಿನಕಾಯಿಯ ಘಾಟಿಗೆ ಸೀನಿದಳು, ಆಮೇಲೆ ಹಾಡಿದಳು. "ನಾ ಬಂದ ಸುದ್ದಿ ನಿನಗ್ಯಾರು ಹೇಳ್ಯಾರ" ಎಂಬುದು ಆ ಮೊದಲ ಸಾಲು. ಢೋಲಕ್ ಬಾರಿಸುತ್ತ ಇಷ್ಟು ದಿನ ಅವಳ ಪಕ್ಕದಲ್ಲೇ ಕುಳಿತಿದ್ದ ನನಗೂ ಅದು ಗಿಟಾರಿನ ಜೊತೆ ಕೇಳಿಸಿದ್ದು ಇದೇ ಮೊದಲು. ಬೆನ್ನ ಮೇಲೆ ಚೀಲ ಹೊತ್ತಿದ್ದ ಹಮಾಲಿ ಉಡಚಪ್ಪ ಬಾಗಿಲಲ್ಲೇ ನಿಂತು, "ಈ ಹಾಡಿಗೆ ಮಾತೂ ಅದಾವೇನ್ರಿ? ನಾ ಇಷ್ಟು ದಿನ ಬರೇ ಸಪ್ಪಳ ಅನ್ಕೊಂಡಿದ್ದೆ" ಎಂದ. ಎಲ್ಲರೂ ನಕ್ಕರು. ಶಿವರಂಜನಿಯೂ ನಕ್ಕಳು, ಆದರೆ ತನ್ನ ಚೀಲ ಹೆಗಲಿಗೇರಿಸಿ ಹೊರಡುವಾಗ, "ಇದು ಗೋದಾಮು. ನಾ ಹೇಳಿದ್ದು ಮುಂಡರಗಿ" ಎಂದಳು.

ಆದ್ದರಿಂದ ತಮ್ಮ ಬಡ್ತಿಗೆ ಹಾರ್ದಿಕ ಅಭಿನಂದನೆಗಳು. ತಾವು ಕಳೆದುಕೊಂಡದ್ದು ಮೊದಲ ಸ್ಥಾನ ಮಾತ್ರ. ಗೌರವದಲ್ಲಿ ಕೊರತೆಯಾಗಿಲ್ಲ, ಬಿಳಿ ಬಣ್ಣದ ಹೆಸರೂ ಹಾಗೆಯೇ ಇದೆ.

ಮುಂಡರಗಿಯವರೆಗೆ ತಮ್ಮ ವಿಶ್ವಾಸಿ,
ಸಿದ್ದಾರೂಢ
ಢೋಲಕ್ ವಾದಕ, ಬೆಟಗೇರಿ

ಮರೆತ ಮಾತು: ಅಧ್ಯಕ್ಷರಾದವರು ಹೇಳಿದ್ದನ್ನೇ ಎಷ್ಟು ಸಲ ಹೇಳಬಹುದೆಂಬುದನ್ನು ನಿರ್ಧರಿಸುವ ತಮ್ಮ ಗುಂಡಿಯನ್ನು ಕೈನಾತ ಎರಡಕ್ಕೆ ತಿರುಗಿಸಿ ಮೇಲೆ ಟೇಪು ಅಂಟಿಸಿದ್ದಾಳೆ, ಇಂಥ ಏರ್ಪಾಡು ಇತರ ಅಧ್ಯಕ್ಷರಿಗೂ ಸಿಗುವಂತಾಗಲೆಂದು ಊರಿನ ಹಲವರು ಕೇಳಿಕೊಂಡಿದ್ದಾರೆ. ಮುಂಡರಗಿಯಲ್ಲಿ ಸೌಂಡ್ ಚೆಕ್ ಇದೇ ಭಾನುವಾರ ಸಂಜೆ ಐದಕ್ಕೆ, ಕಾರ್ಯಕ್ರಮ ಏಳಕ್ಕೆ. ಶಿವರಂಜನಿ ಬರೆದ ಆ ಹಾಡು ಎರಡನೆಯದು.