ಕುಡಿಯದವಳು ಕಲಿಸಿದ ಚೀನೀ ಕುಡಿತ

ಕುಡಿಯುವವರಿಗೆ ಮಾರನೇ ದಿನ ಏನೂ ನೆನಪಿರುವುದಿಲ್ಲ, ನನ್ನಂಥ ಕುಡಿಯದವಳಿಗೆ ಎಲ್ಲವೂ ನೆನಪಿರುತ್ತದೆ. ಇಂಥ ಪ್ರಸಂಗಗಳೆಲ್ಲ ನನ್ನ ಪಾಲಿಗೇ ಬರುವುದು ಅದಕ್ಕೇ ಇರಬೇಕು. ಆಗ ನಾನು ಕೊವೆಂಟ್ರಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಚೀನಾದ ಕಾರ್ಖಾನೆಯೊಂದರ ಜೊತೆ ಹೊಸ ಕೆಲಸ ಶುರುವಾಗಿತ್ತು. ಅಲ್ಲಿಗೆ ಹೋಗುವ ತಂಡಕ್ಕೆ ನಾನೇ ಮುಂದಾಳಾಗಬೇಕು ಅಂತ ಪಟ್ಟು ಹಿಡಿದಿದ್ದೆ. ಬಾಸ್‌ಗೆ ಒಂದೇ ಅನುಮಾನ. ಅಲ್ಲಿ ವ್ಯವಹಾರ ಕುದುರುವುದು ಊಟದ ಮೇಜಿನಲ್ಲಿ, ಕುಡಿಯದವಳು ಅಲ್ಲೇನು ಮಾಡ್ತಾಳೆ ಅಂತ. ನಾನು ಬಿಡ್ತೀನಾ? ಆಫೀಸಿನ ಚೀನೀ ಗೆಳತಿಯಿಂದ ಅವರ ಮದ್ಯಗಳ ಪೂರ್ತಿ ಪಾಠ ಹೇಳಿಸಿಕೊಂಡು, ತಂಡಕ್ಕೆ ನಾನೇ ಪಾಠ ಹೇಳುವ ಮೇಡಂ ಆದೆ.

ಹಾಲು, ಸಕ್ಕರೆ

ಮೊದಲ ಪಾಠ ಬರ್ಮಿಂಗ್‌ಹ್ಯಾಮ್‌ನ ಚೀನೀ ಹೋಟೆಲಿನಲ್ಲಿ. ಅಕ್ಕಿಯಿಂದ ಮಾಡುವ ಹಳದಿ ಮದ್ಯ ಅವರಲ್ಲಿ ಬಲು ಹಳೆಯದು. ಚಳಿಗೆ ಬಿಸಿ ಮಾಡಿ ಪುಟ್ಟ ಹೂಜಿಯಲ್ಲಿ ತಂದಿಡುತ್ತಾರೆ. ಬಣ್ಣ ಥೇಟ್ ಟೀ ಡಿಕಾಕ್ಷನ್. ಇದನ್ನೆಲ್ಲ ನಾನು ವಿವರಿಸಿ ಮುಗಿಸಿದ ಮೇಲೆ ಬಂದವನು ಲೀಡ್ಸ್ ಕಡೆಯ ನಮ್ಮ ಹಿರಿಯ ಫಿಟ್ಟರ್. ಬಂದವನೇ ಹೂಜಿಯಿಂದ ಬಗ್ಗಿಸಿಕೊಂಡ, ವೇಟರ್ ಹತ್ತಿರ ಹಾಲು ತರಿಸಿದ, ಸಕ್ಕರೆ ಹಾಕಿ ಕಲಕಿದ. ನಾನು ಬಾಯಿ ಬಿಡುವಷ್ಟರಲ್ಲಿ ಅರ್ಧ ಕಪ್ ಒಳಗಿಳಿದಿತ್ತು. ಹಾಲು ಸ್ವಲ್ಪ ಒಡೆದಿದೆ ಅಂದ. ಆದರೆ ಇಷ್ಟು ಒಳ್ಳೇ ಟೀ ಅವನ ಅಮ್ಮನೂ ಮಾಡಿರಲಿಲ್ಲವಂತೆ.

ಜೋಳದ ಗತಿ

ಎರಡನೆಯದು ಬೈಜಿಯು. ನೋಡಲು ನೀರು, ಒಳಗೆ ಬೆಂಕಿ. ಪುಟ್ಟ ಬಟ್ಟಲಲ್ಲಿ ಒಂದೇ ಗುಟುಕಿಗೆ ಮುಗಿಸಬೇಕು. ನನ್ನ ಗಂಡ ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್. ನಾನು ತಂದಿಟ್ಟಿದ್ದ ಬಾಟಲಿ ಮೂಸಿ, ಇದನ್ನ ನಾವು ಸೂಜಿ ಚುಚ್ಚೋಕೆ ಮುಂಚೆ ತೋಳಿಗೆ ಒರೆಸ್ತೀವಿ ಅಂದರು. ಜೋಳದಿಂದ ಮಾಡೋದು ಅಂದೆ ನೋಡಿ, ಮುಖ ಸಪ್ಪಗಾಯಿತು. ಇಡೀ ಕೊವೆಂಟ್ರಿ ಸುತ್ತಿದರೂ ಒಂದು ಹಿಡಿ ಒಳ್ಳೇ ಜೋಳದ ಹಿಟ್ಟು ಸಿಗೋಲ್ಲ, ಇವರು ಅದನ್ನ ಬಾಟಲಿಗೆ ಇಳಿಸಿ ಹಾಳು ಮಾಡ್ತಾರಲ್ಲ ಅಂತ ವಾರವಿಡೀ ರೊಟ್ಟಿ ನೆನೆದು ಮರುಗಿದರು.

ಮೊದಲು ಹಿರಿಯರಿಗೆ

ಕೊನೆಗೆ ಚೀನಾದ ಮುಖ್ಯ ಎಂಜಿನಿಯರ್ ತಾವೇ ಬಂದರು. ಮುಂದಾಳು ಯಾರಾಗಬೇಕೋ ಅವರೇ ಹೇಳಲಿ ಅಂದುಬಿಟ್ಟ ಬಾಸ್. ಸರಿ, ಧೈರ್ಯವಾಗಿ ಮನೆಗೇ ಊಟಕ್ಕೆ ಕರೆದೆ. ಆಸ್ಪತ್ರೆಯ ಪಾಳಿ ಪಟ್ಟಿ ಪ್ರಕಾರ ಗಂಡನಿಗೆ ಅವತ್ತೇ ಡ್ಯೂಟಿ. ಮನೆಯಲ್ಲಿದ್ದವರು ಧಾರವಾಡದಿಂದ ಬಂದಿದ್ದ ಮಾವನವರು, ಈರುಳ್ಳಿಯನ್ನೂ ಮುಟ್ಟದ ಮಡಿವಂತರು.

ಅತಿಥಿ ಬೈಜಿಯು ಬಾಟಲಿ, ಬಟ್ಟಲು ಸಮೇತ ಬಂದರು. ಅವರ ಪದ್ಧತಿಯಲ್ಲಿ ಮೊದಲ ಬಟ್ಟಲು ಮನೆಯ ಹಿರಿಯರಿಗೆ. ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಮಾವನವರ ಮುಂದೆ ಚಾಚಿದರು. ಬೇಡ ಅಂದರೆ ಅತಿಥಿಗೆ ಅವಮಾನ, ನನ್ನ ಚೀನಾ ಅಲ್ಲಿಗೆ ಖಲಾಸ್. ಸುಮ್ಮನಿದ್ದರೆ ಮಾವನವರ ಇಷ್ಟು ವರ್ಷದ ನೇಮ ಖಲಾಸ್. ಎಲ್ಲರಿಗೂ ಪಾಠ ಹೇಳಿದ ನಾನು ಬಟ್ಟಲನ್ನೊಮ್ಮೆ, ಮಾವನವರನ್ನೊಮ್ಮೆ ನೋಡುತ್ತ ನಿಂತೆ.

ಮಾವನವರು ನನ್ನತ್ತ ಒಮ್ಮೆ ನೋಡಿದರು. ಬಟ್ಟಲಲ್ಲಿದ್ದುದನ್ನು ಬಲ ಅಂಗೈಗೆ ಬಗ್ಗಿಸಿಕೊಂಡು, ಸುರ್ರನೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. ಆಮೇಲೆ ಮತ್ತೆ ಕೈ ಚಾಚಿದರು. ಮತ್ತೊಮ್ಮೆ ಚಾಚಿದರು. ಅತಿಥಿಗೆ ಹಿಡಿಸಲಾರದಷ್ಟು ಸಂತೋಷ. ತಾವೂ ಅಂಗೈಗೆ ಸುರಿದುಕೊಂಡು ಕುಡಿದು, ಬೋಳುತಲೆಗೆ ಚೆನ್ನಾಗಿ ತಿಕ್ಕಿಕೊಂಡರು. ಇಂಥ ಮನೆತನದ ಸೊಸೆ ಇರುವಾಗ ಬೇರೆ ಮುಂದಾಳು ಯಾಕೆ ಅಂತ ಅಲ್ಲಿಂದಲೇ ಬಾಸ್‌ಗೆ ಫೋನ್ ಮಾಡಿದರು.

ಅವರು ಹೊರಟ ಮೇಲೆ ಮಾವನವರ ಎದುರು ನಿಂತೆ. ಖುಷಿಗಿಂತ ಸಂಕಟವೇ ಹೆಚ್ಚಾಗಿತ್ತು. ಬಟ್ಟಲಲ್ಲಿದ್ದುದು ಏನು ಅಂತ ಹೇಳಲು ತಡವರಿಸುತ್ತಿದ್ದೆ, ಅವರೇ ತಡೆದರು.

"ಮೂಗಿನ ಹತ್ರ ಬಂದಾಗಽ ಗೊತ್ತಾತವ್ವಾ. ಬ್ಯಾಡ ಅಂದ್ರ ನಿನ್ನ ಕೆಲಸ ಕೆಡ್ತಿತ್ತು. ತೀರ್ಥ ಅನಕೊಂಡು ತಗೊಂಡೆ."

ನನಗೆ ಕಣ್ಣು ತುಂಬಿ ಬಂತು. ಆದರೂ ತಡೆಯಲಾರದೆ ಕೇಳಿದೆ.

"ಸರಿ ಮಾವಾ, ಇನ್ನೆರಡು ಸಲ?"

"ತೀರ್ಥ ಅಂದಮ್ಯಾಲೆ ಮೂರು ಸರ್ತೆ ತಗೋಬೇಕಲ್ಲ," ಅಂದರು ಮಾವನವರು, "ಶಾಸ್ತ್ರ ಬಿಡ್ಲಿಕ್ಕೆ ಬರತದೇನು?"