ಬರಿಗಾಲಿನ ಯಜಮಾನರು, ಕೊಕ್ಕೆಹುಳುವಿನ ಮೇಡಂ

ನನ್ನ ಯಜಮಾನರು ದಯಾನಂದ ಬ್ಯಾಂಕಿನಿಂದ ನಿವೃತ್ತರಾದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬಂದರು. ಸಾಲದ್ದಕ್ಕೆ ಮೊಬೈಲಿನಿಂದ ಒಂದು ಜ್ಞಾನೋದಯವನ್ನೂ ತಂದರು.

"ಅನೂ, ಮನುಷ್ಯ ಭೂಮಿತಾಯಿಯಿಂದ ದೂರ ಆಗಿದ್ದೇ ಈ ಚಪ್ಪಲಿಯಿಂದ. ನಾಳೆಯಿಂದ ತೋಟಕ್ಕೆ ಬರಿಗಾಲಲ್ಲೇ ಹೋಗೋದು ಕಣೇ."

ಹೇಳಿಕೇಳಿ ನಾನು ದಬ್ಬೇಘಟ್ಟದ ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಡಂ. ಜಂತುಹುಳು ಮಾತ್ರೆ ಹಂಚುವ ದಿನ ಬಂತೆಂದರೆ ಭಾಷಣ ನನ್ನದೇ. (ಮಾತ್ರೆಗಿಂತ ಭಾಷಣವೇ ಕಹಿ ಎಂದು ಮಕ್ಕಳು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ.) ಸುಮ್ಮನಿರಲಾದೀತೇ?

"ರೀ, ಕೊಕ್ಕೆಹುಳು ಬರೋದೇ ಪಾದದಿಂದ. ನಾಲೆ ಏರಿ ಕಡೆಗೆ ಇನ್ನೂ ಚೊಂಬು ಹಿಡ್ಕೊಂಡು ಹೋಗೋರಿದಾರೆ. ಮಳೆ ಬಂದ್ರೆ ಅದೆಲ್ಲ ನಮ್ಮ ತೋಟಕ್ಕೇ ಇಳಿಯುತ್ತೆ. ಆ ಮಣ್ಣಲ್ಲಿರೋ ಮರಿಹುಳು ಅಂಗಾಲು ಕೊರ್ಕೊಂಡು ಒಳಗೆ ಹೋಗಿ, ಕರುಳು ಕಚ್ಕೊಂಡು ರಕ್ತ ಹೀರುತ್ತೆ!"

"ನಮ್ಮಪ್ಪ ಮೂಡಲಗಿರಿಯಪ್ಪ ಕೊನೇವರೆಗೂ ಚಪ್ಪಲಿ ಮೆಟ್ಟಲಿಲ್ಲ."

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಕೆಂಚಮ್ಮ ತಲೆಯೆತ್ತಿದರು. "ಮೆಟ್ಟಲಿಲ್ಲ ಕಣಪ್ಪ. ಹೊಟ್ಟೆ ಹಿಡ್ಕಂಡು ಉಳ್ಳಾಡ್ತಿದ್ರು, ಅದ್ನೂ ಹೇಳು."

ಮರುದಿನ ಬೆಳಿಗ್ಗೆ ಯಜಮಾನರು ಬರಿಗಾಲಲ್ಲಿ ಗಂಭೀರವಾಗಿ ತೋಟಕ್ಕೆ ನಡೆದುಬಿಟ್ಟರು.

ಅತ್ತೆಯ ಮಾತಿಗೆ ನನಗೆ ಹುಳಿಯಾರಿನ ತವರು ಕಣ್ಣಮುಂದೆ ಬಂತು. ಬೇಸಿಗೆ ರಜೆಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಸೇರಿದರೆ ಒಂದು ಬೆಳಿಗ್ಗೆ ದೊಡ್ಡಮ್ಮ ಕಾಳಕ್ಕ ಹರಳೆಣ್ಣೆ ಹಿಡಿದು ನಿಲ್ಲುತ್ತಿದ್ದಳು. ತಪ್ಪಿಸಿಕೊಂಡು ಓಡಿದವರನ್ನು ಹಿಡಿದು ತರಲು ಚಿತ್ತಣ್ಣ ಮಾವ. ಮೂಗು ಹಿಡಿದು, ಕಾಲು ಅದುಮಿ, ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಸುರಿದರೆ ಆಯಿತು. ಆಮೇಲೆ ಮಧ್ಯಾಹ್ನದವರೆಗೂ ತೆಂಗಿನತೋಟದಲ್ಲಿ ಒಬ್ಬೊಬ್ಬರು ಒಂದೊಂದು ಮರದ ಹಿಂದೆ! "ಇದು ನನ್ ಮರ ಕಣ್ಲಾ, ಆಚೆ ಹೋಗ್ಲಾ" ಎಂಬ ಗಡಿವಿವಾದ. ಯಾರಿಗೆ ಹುಳು ಬಿತ್ತೋ ಅವರು ಅಂದಿನ ವೀರರು. ಚುನಾವಣೆಯ ಫಲಿತಾಂಶದಂತೆ ಮರದಿಂದ ಮರಕ್ಕೆ ಘೋಷಣೆ. ಸಂಜೆ ಹಸಿದು ಸಣ್ಣಗಾದ ನಮಗೆಲ್ಲ ಕಾಳಕ್ಕ ದೊಡ್ಡಮ್ಮ ಬಿಸಿ ಅನ್ನ ಸಾರು ಕಲಸಿ, ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದಳು. ಬೆಳಿಗ್ಗೆ ಶಾಪ ಹಾಕಿದ ಬಾಯಿಗಳೇ ಆಗ ನಾ ಮುಂದು ತಾ ಮುಂದು. ಈಗ ದೊಡ್ಡಮ್ಮ ಇಲ್ಲ. ಮದುವೆಮನೆಯಲ್ಲಿ ಸಿಕ್ಕಾಗ ನಾವೆಲ್ಲ ಬಿ.ಪಿ. ಮಾತ್ರೆಯ ಹೆಸರು ವಿನಿಮಯ ಮಾಡಿಕೊಳ್ಳುತ್ತೇವೆ. ಮರಕ್ಕಾಗಿ ಜಗಳವಾಡುವವರು ಯಾರೂ ಇಲ್ಲ.

ಇರಲಿ. ಮಳೆಗಾಲ ಮುಗಿಯುವ ಹೊತ್ತಿಗೆ ನನಗೇ ಸುಸ್ತು ಶುರುವಾಯಿತು. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಮಗ್ಗಿ ಹೇಳಿಸುತ್ತಾ ಕುರ್ಚಿಯಲ್ಲೇ ತೂಕಡಿಕೆ. ಅಡುಗೆಮನೆಗೆ ಹೋದಾಗೆಲ್ಲ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ವಿಚಿತ್ರ ಚಪಲ.

"ಅಕ್ಕಿ ತಿಂದ್ರೆ ಮದ್ವೆ ದಿನ ಮಳೆ ಬತ್ತದೆ ಕಣಮ್ಮ" ಎಂದರು ಅತ್ತೆ.

"ಆಗಿಹೋಯ್ತಲ್ಲ ಅತ್ತೆ ಮದ್ವೆ!"

"ಅದ್ಕೇ ಯೋಳ್ತಿರೋದು. ಈಗ್ಯಾಕೆ ತಿಂತೀಯ?"

ಸುಸ್ತಿಗೆಲ್ಲ ಯಜಮಾನರ ಬರಿಗಾಲಿನ ಚಿಂತೆಯೇ ಕಾರಣವೆಂದು ತೀರ್ಮಾನಿಸಿ, ಅವರನ್ನು ಪರೀಕ್ಷೆ ಮಾಡಿಸಲು ತುರುವೇಕೆರೆಗೆ ಎಳೆದೊಯ್ದೆ. ಡಾಕ್ಟರ್ ವನಿತಾ ಯಜಮಾನರನ್ನು ಬಿಟ್ಟು ನನ್ನ ಕಣ್ಣರೆಪ್ಪೆ ಎಳೆದು ನೋಡಿದರು. "ಇವರಿಗಿಂತ ಮೊದಲು ನಿಮಗೆ ಮಾಡಿಸಬೇಕಲ್ಲ ಮೇಡಂ!" ರಕ್ತ ಕೊಟ್ಟೆವು, ಮರುದಿನ ಇಬ್ಬರದೂ ಒಂದೊಂದು ಡಬ್ಬಿ ಕೊಟ್ಟೆವು. (ಆ ಡಬ್ಬಿಗಳು ಬಸ್ಸಿನಲ್ಲಿ ಪ್ರಯಾಣ ಮಾಡಿದ ಕಥೆ ಬೇಡ. ಮರ್ಯಾದಸ್ಥರ ಮನೆ.)

ಫಲಿತಾಂಶ ಬಂತು. ಯಜಮಾನರ ಹೊಟ್ಟೆ ಸ್ಫಟಿಕದಂತೆ ಶುದ್ಧ. ನನ್ನಲ್ಲಿ ಕೊಕ್ಕೆಹುಳುಗಳ ಸಂಸಾರ. ರಕ್ತ ಅರ್ಧಕ್ಕರ್ಧ ಖಾಲಿ. ಹಸಿ ಅಕ್ಕಿಯ ಚಪಲಕ್ಕೂ ಅದೇ ಕಾರಣವಂತೆ.

"ಸಾಧ್ಯವೇ ಇಲ್ಲ! ನಾನು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಲ್ಲ" ಎಂದೆ.

"ಹೂ ಕೀಳೋವಾಗ?" ಎಂದರು ಯಜಮಾನರು ಮೆಲ್ಲಗೆ.

"ದೇವರ ಹೂವಿಗೆ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ?"

"ಸೊಪ್ಪಿನ ಪಾತಿಗೆ ನೀರು ಬಿಡೋವಾಗ?"

"ಅಲ್ಲಿ ಕೆಸರು. ಚಪ್ಪಲಿ ಹೂತ್ಕೊಳ್ಳುತ್ತೆ..." ಎನ್ನುತ್ತಾ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಹಾಗಾದ್ರೆ ದಿನಾ ತೋಟ ಸುತ್ತೋ ಇವರಿಗೆ ಯಾಕೆ ಬರಲಿಲ್ಲ?" ಎಂದು ಡಾಕ್ಟರನ್ನೇ ದಬಾಯಿಸಿದೆ.

ಯಜಮಾನರು ಕುರ್ಚಿಯಲ್ಲಿ ಮಿಸುಕಾಡಿದರು. "ಅದು... ಮೊದಲನೇ ದಿನವೇ ಮುಳ್ಳು ಚುಚ್ಚಿಬಿಡ್ತು ಕಣೇ. ಪಂಪ್‌ಸೆಟ್ ಮನೇಲಿ ಒಂದು ಜೊತೆ ಚಪ್ಪಲಿ ಇಟ್ಟಿದೀನಿ. ನಿನ್ನ ಕಣ್ಣಿಗೆ ಮರೆಯಾದ ತಕ್ಷಣ ಹಾಕ್ಕೋತೀನಿ."

ಡಾಕ್ಟರ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ನಾನು ಶಾಲೆಯಲ್ಲಿ ಹಂಚುವ ಅದೇ ಮಾತ್ರೆಯನ್ನು ನನ್ನ ಅಂಗೈಗೂ ಹಾಕಿ, ಜೊತೆಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. "ಹುಳುವಿನ ಮಾತ್ರೆ ಚೀಪಬೇಡಿ, ಅಗಿದು ನುಂಗಿ" ಎಂದು ನನಗೇ ಪಾಠ.

ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲೇ ಪಂಪ್‌ಸೆಟ್ ಮನೆಯಿಂದ ಆ ದೋಣಿಯಂಥ ಚಪ್ಪಲಿಗಳನ್ನು ಎತ್ತಿ ತಂದು, ಮೆಟ್ಟಿಕೊಂಡು, ಸರಬರ ಎಳೆಯುತ್ತಾ ಮಲ್ಲಿಗೆ ಬಳ್ಳಿಯ ಬಳಿ ಹೋದೆ. ಅತ್ತೆ ಜಗಲಿಗೆ ಬಂದವರು ನನ್ನ ಕಾಲನ್ನೇ ನೋಡಿದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಕಿತ್ಕೊ, ಕಿತ್ಕೊ. ದ್ಯಾವ್ರು ಹೂವ ನೋಡ್ತಾನೆ, ನಿನ್ ಕಾಲ್ ಯಾಕ್ ನೋಡ್ತಾನೆ ಬುಡು" ಎಂದರು. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ತೋಟದ ಕಡೆಯಿಂದ, ಅಮ್ಮನೆದುರು ಮಾನ ಉಳಿಸಿಕೊಳ್ಳಲು ಅಂದೂ ಬರಿಗಾಲಲ್ಲೇ ಹೊರಟಿದ್ದ ಯಜಮಾನರ ಆರ್ತನಾದ: "ಅಯ್ಯಯ್ಯಪ್ಪಾ! ಮುಳ್ಳು! ಅಮ್ಮಾ, ಪಂಪ್‌ಸೆಟ್ ಮನೆಗೆ ಕಳ್ಳ ನುಗ್ಗಿದಾನೆ!"

ಹೋಬಳಿಯ ಮಕ್ಕಳಿಗೆಲ್ಲ ಪಾಠ ಹೇಳುವ ಮೇಡಂ, ಸದ್ದಿಲ್ಲದೆ ಮಲ್ಲಿಗೆ ಬಳ್ಳಿಯ ಹಿಂದೆ ಕುಕ್ಕರಿಸಿದಳು.