ನಾಲಿಗೆರಾಯರ ಲಿವರು

ತಮ್ಮ ಲಿವರಿನ ಸಂಗತಿಯನ್ನು ನಾಲಿಗೆರಾಯರು ಬಾಯಿಬಿಟ್ಟದ್ದೇ ತಪ್ಪಾಯಿತು. ಬೆಳಿಗ್ಗೆ ಕಂಪನಿಗೆ ಕಾಲಿಟ್ಟ ಕೂಡಲೇ ಲೆಕ್ಕಿಗರು ಕರಿದ ತಿಂಡಿಯ ಪೊಟ್ಟಣ ಮುಂದೆ ಹಿಡಿದರು. "ಹೊಟ್ಟೆ ತುಂಬಿದೆ" ಎಂದಿದ್ದರೆ ಸಾಕಿತ್ತು. ರಾಯರು, "ಬೇಡಪ್ಪಾ, ಲಿವರ್ ಊದಿದೆಯಂತೆ" ಎಂದುಬಿಟ್ಟರು.

ರಾಯರು ಚಹಾ ಕಂಪನಿಯಲ್ಲಿ ರುಚಿ ನೋಡುವವರು. ಸಾಲಾಗಿಟ್ಟ ಬಿಳಿ ಬಟ್ಟಲುಗಳಿಂದ ಒಂದೊಂದು ಚಮಚ ಸೊರ್ರನೆ ಹೀರಿ, ಬಾಯ್ತುಂಬ ಆಡಿಸಿ, ಪಕ್ಕದ ಪೀಕದಾನಿಗೆ ಉಗುಳಿ, ಎಲೆ ಯಾವ ತೋಟದ್ದು, ಎಷ್ಟು ಹಳೆಯದು ಎಂದು ಹೇಳುವುದೇ ಅವರ ಕೆಲಸ. ಹೆತ್ತವರಿಟ್ಟ ಹೆಸರು ಈಗ ಹೆಂಡತಿಗೂ ಅಷ್ಟಾಗಿ ನೆನಪಿಲ್ಲ.

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಪುಡಿ, ಕಷಾಯ, ಲೇಹ್ಯ ಯಾವುದೂ ಮುಟ್ಟಬೇಡಿ. ಗಿಡಮೂಲಿಕೆ ಅಂದ್ರೂ ಅದನ್ನ ಸಂಭಾಳಿಸಬೇಕಾದ್ದು ಅದೇ ಲಿವರ್. ಮುಂದಿನ ರಕ್ತಪರೀಕ್ಷೇಲಿ ಲಿವರಿನ ಅಂಕಿ ಇನ್ನೂ ಏರಿದ್ರೆ ಆಸ್ಪತ್ರೆಗೆ ಸೇರಿಸ್ಕೊಳ್ತೀನಿ." ಆಸ್ಪತ್ರೆ ಎಂದರೆ ರಾಯರಿಗೆ ಮಹಾ ಭಯ. ಆದ್ದರಿಂದ ಏನನ್ನೂ ಮುಟ್ಟುವುದಿಲ್ಲವೆಂದು ಗಟ್ಟಿ ಮನಸ್ಸು ಮಾಡಿದ್ದರು.

ಮಧ್ಯಾಹ್ನದೊಳಗೆ ಸುದ್ದಿ ಗೋದಾಮಿನವರೆಗೂ ಮುಟ್ಟಿತು. ಮೊದಲು ಪ್ಯಾಕಿಂಗ್ ಅಕ್ಕ ಫ್ಲಾಸ್ಕ್ ಹಿಡಿದು ಬಂದಳು.

"ಲೋಳೆಸರದ ಕಷಾಯ. ಮನೆಗೆ ಓಡಿಹೋಗಿ ಮಾಡ್ಕೊಂಡು ಬಂದೆ. ಕುಡೀರಿ."

"ಅಕ್ಕಾ, ಡಾಕ್ಟರು ಏನೂ ಕುಡೀಬೇಡಿ ಅಂದಿದ್ದಾರಲ್ಲ..."

"ಡಾಕ್ಟರಿಗೇನು ಗೊತ್ತು? ಅವರ ಲಿವರ್ ಚೆನ್ನಾಗಿದೆ!"

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳು ಹಾಗೆ ನಿಂತರೆ ಲಾರಿ ಡ್ರೈವರುಗಳೂ ತೆಪ್ಪಗಾಗುತ್ತಾರೆ. ರಾಯರಿಗೆ ಆಗ ಉಪಾಯ ಹೊಳೆಯಿತು. ಕಷಾಯವನ್ನು ಸೊರ್ರನೆ ಹೀರಿದರು, ಆಡಿಸಿದರು, ಉಗುಳಿದರು.

"ಅಯ್ಯೋ, ಉಗುಳಿಬಿಟ್ರಲ್ಲ!"

"ನನ್ನ ಗಂಟಲಿಗೆ ಇಪ್ಪತ್ತು ವರ್ಷದ ಅಭ್ಯಾಸ ಅಕ್ಕಾ. ಈ ಮೇಜಿನ ಮುಂದೆ ಕೂತ್ರೆ ಏನೂ ಒಳಗೆ ಬಿಡಲ್ಲ" ಎಂದು ರಾಯರು ನಿಟ್ಟುಸಿರು ಬಿಟ್ಟರು. ಒಳಗೊಳಗೇ ಹಿಗ್ಗಿದರು.

ಅಷ್ಟರಲ್ಲಿ ಲೆಕ್ಕಿಗರು ಲಿವರಿನ ಔಷಧವೆಂದು ಒಂದು ಹಸಿರು ಡಬ್ಬಿ ತಂದು, ಅದರ ಪುಡಿಯನ್ನು ಬಿಸಿನೀರಿಗೆ ಕದಡಿದರು. "ನಮ್ಮ ಭಾವ ಎದ್ದು ಓಡಾಡಿದ್ದೇ ಇದರಿಂದ. ಒಳಗೇನಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಪರಮ ರಹಸ್ಯ!"

ಆ ಮಾತಿಗೆ ರಾಯರ ನಾಲಿಗೆ ತಾನಾಗಿ ತುರಿಸಿತು. ಹೀರಿ ಉಗುಳಿದರು. ಮತ್ತೆ ಹೀರಿದರು. ಕಣ್ಣು ಮುಚ್ಚಿ ಮೂರನೇ ಸಲ ಹೀರಿದರು. ಅರಿಶಿನ ಚಿಟಿಕೆಯಷ್ಟು, ಯಾವುದೋ ಕಹಿ ಬೇರು, ಆಮೇಲೆ... ಅರೆ, ಇದು ಚಹಾದ ಧೂಳು! ಮುಗ್ಗಲು ಹಿಡಿದದ್ದು. ಆ ಗೋಣಿಚೀಲದ ನಾತ ಅವರ ಕಂಪನಿಯ ಗೋದಾಮಿನದೇ!

ಯಾರೋ ಕಳ್ಳ ಗೋದಾಮಿನ ಕಸ ಕದ್ದು ಔಷಧವೆಂದು ಮಾರುತ್ತಿದ್ದಾನೆ. ರಾಯರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಯಜಮಾನರ ಕೋಣೆಗೆ ನುಗ್ಗಿದರು. ಬಹುಮಾನ ಸಿಗದಿದ್ದರೂ ಒಂದು ಶಭಾಸ್ ಖಂಡಿತ ಎಂದುಕೊಂಡಿದ್ದರು.

ಎಲ್ಲವನ್ನೂ ಕೇಳಿ ಯಜಮಾನರು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು.

"ಮೆಲ್ಲಗೆ ಮಾತಾಡಿ. ಆ ಪುಡಿ ಮಾಡಿಸ್ತಿರೋನು ನಾನೇ."

ರಾಯರು ಕಂಕುಳಿನ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಭಲೇ ನಾಲಿಗೆ, ರಾಯರೇ, ನಿಮ್ಮದು! ಇನ್ನೊಬ್ಬರಿಗೆ ಗೊತ್ತಾಗೋಕ್ಕೆ ಮುಂಚೆ ಆ ಚಹಾದ ವಾಸನೆ ಹೋಗ್ಬೇಕು. ನಾಳೆಯಿಂದ ಪುಡಿ ವಿಭಾಗ ನಿಮ್ಮದು. ಒಲ್ಲೆ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ."

ರುಚಿ ನೋಡುವುದು ತಾನೇ ಎಂದು ರಾಯರಿಗೆ ಸ್ವಲ್ಪ ಸಮಾಧಾನವಾಯಿತು. "ಆಗಲಿ ಯಜಮಾನ್ರೇ. ಪೀಕದಾನಿ ಮಾತ್ರ ಅಲ್ಲಿಗೆ ತರಿಸಿಬಿಡಿ."

"ಪೀಕದಾನಿ ಯಾಕೆ? ಇದು ಔಷಧಿ ಕಣ್ರೀ! ಕುಡಿದು ವಾಸಿಯಾದವರನ್ನ ತೋರಿಸಿ ಅಂತ ಜನ ಕೇಳ್ತಾರೆ. ಲಿವರ್ ಕೆಟ್ಟ ಒಬ್ಬರಿಗಾಗಿ ಹುಡುಕ್ತಾನೇ ಇದ್ದೆ. ಬೆಳಿಗ್ಗೆ ಲೆಕ್ಕಿಗರು ನಿಮ್ಮ ವಿಷಯ ಹೇಳಿದಾಗ ಎಷ್ಟು ಖುಷಿಯಾಯ್ತು ಅಂತೀರಾ!"

ಯಜಮಾನರು ತಮ್ಮ ಕೈಯಾರೆ ದೊಡ್ಡ ಲೋಟದ ತುಂಬ ಪುಡಿ ಕದಡಿ ರಾಯರ ಕೈಗಿತ್ತರು.

"ನುಂಗಿ ರಾಯರೇ, ಸಂಕೋಚ ಬೇಡ. ಇದನ್ನ ನಿಮ್ಮ ಸಂಬಳದಲ್ಲಿ ಹಿಡಿಯೋದಿಲ್ಲ."